ಮೊಸರು ಬಿಟ್ಟ ಜಲಜಾ

ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ನೆಲ ಅಲುಗಿತು.

ಜಲಜಾ ಬೇಸಿನ್ನಿನ ಅಂಚಿಗೆ ಕೈ ಚಾಚಿದಳು. ಅಂಚು ಇರಬೇಕಾದಲ್ಲಿ ಇರಲಿಲ್ಲ. ಹೆಗಲು ಗೋಡೆಗೆ ಬಡಿಯಿತು, ಬ್ರಶ್ಶುಗಳನ್ನಿಟ್ಟಿದ್ದ ಲೋಟ ಉರುಳಿ ಬಿತ್ತು. ಆ ಸದ್ದು ಸಾಕಾಯಿತು. ಮುಖದ ನೊರೆಯಲ್ಲೇ ಹೊರಗೆ ಬಂದವಳು ಹಾಲ್‌ನಲ್ಲಿ ಕೂತಿದ್ದ ಮಗಳು ಸ್ವಾತಿಯ ರಟ್ಟೆ ಹಿಡಿದು ಎಳೆದುಕೊಂಡು, ಎದುರು ಮನೆಯ ಬಾಗಿಲು ಬಡಿದು, "ಭಾಗೋ, ಭಾಗೋ" ಎಂದು ಕೂಗುತ್ತ ಕಂಬಿ ಹಿಡಿದು ಮೆಟ್ಟಿಲಿಳಿದಳು.

ಅಂದು ಹುಣ್ಣಿಮೆ. ಎದುರು ಮನೆಯ ಸರಯೂಬೆನ್ನರಲ್ಲಿ ಸತ್ಯನಾರಾಯಣ ಕಥೆ. ಕೇಳುತ್ತ ಕೂತಿದ್ದ ಮೂವತ್ತು ಜನ ಎದ್ದುಬಿದ್ದು ಅವಳ ಹಿಂದೆ ಓಡಿದರು. ಸರಯೂಬೆನ್ನರ ಮಾವನನ್ನು ಇಬ್ಬರು ಕುರ್ಚಿ ಸಮೇತ ಹೊತ್ತು ತಂದರು. ಪೂಜಾರಿ ಗಂಟೆ ಹಿಡಿದೇ ಬಂದಿದ್ದ. ಕೆಳಗೆ ಬೇವಿನ ಮರದ ಎಲೆ ಅಲ್ಲಾಡುತ್ತಿರಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೊನೆಗೆ ಜಲಜಾಳ ಮುಖ ನೋಡಿದರು. ಕೆನ್ನೆಯ ಮೇಲೆ ಸೋಪು ಒಣಗಿ ಬಿಗಿಯುತ್ತಿತ್ತು.

"ಜಲಜಾಬೆನ್, ಇದು ಮೂರನೇ ಸಲ" ಎಂದರು ಸರಯೂಬೆನ್. ದನಿಯಲ್ಲಿ ಸಿಟ್ಟಿಗಿಂತ ಮರುಕವೇ ಹೆಚ್ಚಿತ್ತು. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಸಂಜೆ ಹೋಟೆಲಿನಿಂದ ಬಂದ ಗಂಡ ದಿವಾಕರನಿಗೆ ಮೆಟ್ಟಿಲ ಬುಡದಲ್ಲೇ ಸುದ್ದಿ ಮುಟ್ಟಿತ್ತು. ಅವನು ಚಪ್ಪಲಿ ಬಿಡುವ ಮೊದಲೇ ಹೇಳಿದ.

"ಬರುವ ಶುಕ್ರವಾರಕ್ಕೆ ರೈಲಿಗೆ ಟಿಕೆಟ್ ಮಾಡಿಸ್ತೇನೆ. ನಿನ್ನ ಅಣ್ಣನ ಮನೆಯಲ್ಲಿ ಆರು ತಿಂಗಳು ಇದ್ದು ಬಾ. ಅಲ್ಲಿ ನೆಲ ಅಲ್ಲಾಡುವುದಿಲ್ಲ."

"ಸ್ವಾತಿಗೆ ಈ ವರ್ಷ ಹತ್ತನೇ ಕ್ಲಾಸು."

"ಅದಕ್ಕೇ ಹೇಳುವುದು ಮಾರಾಯ್ತಿ. ನೀನು ಹೀಗೆ ದಿನಾ ಅವಳನ್ನು ಎಳ್ಕೊಂಡು ಮೂರು ಮಾಳಿಗೆ ಇಳಿದ್ರೆ ಅವಳು ಓದುವುದು ಯಾವಾಗ?"

ಅಣ್ಣನ ಮನೆಯಲ್ಲಿ ತನ್ನನ್ನು ಯಾವ ಕೋಣೆಯಲ್ಲಿ ಇಡುತ್ತಾರೆ, ಬಂದವರಿಗೆ ಏನೆಂದು ಹೇಳುತ್ತಾರೆ ಎಂಬುದು ಜಲಜಾಳಿಗೆ ಗೊತ್ತಿತ್ತು. ಆರು ತಿಂಗಳು ಎಂದು ಹೋದ ಅವಳ ಸೋದರತ್ತೆಯೊಬ್ಬಳು ಹಾಗೆ ಹೋದಲ್ಲಿಂದ ಮರಳಿರಲಿಲ್ಲ.

ಬಾರಕೂರಿನ ಹತ್ತಿರದ ಊರಿನಿಂದ ಅವಳು ದಿವಾಕರನ ಹಿಂದೆ ಅಹಮದಾಬಾದಿಗೆ ಬಂದು ಹದಿನೇಳು ವರ್ಷವಾಗಿತ್ತು. ದಿವಾಕರ ಬೋಡಕ್‌ದೇವ್‌ನ ಉಡುಪಿ ಹೋಟೆಲೊಂದರ ಮೇಲ್ವಿಚಾರಕ. ಆ ಹೋಟೆಲಿನ ಇಡ್ಲಿಗೆ ಊರಂಚಿನ ಬೋಪಾಲ್ ಬಡಾವಣೆಯಿಂದಲೂ ಜನ ಸ್ಕೂಟರ್ ಏರಿ ಬರುತ್ತಿದ್ದರು. ಇಡ್ಲಿಯ ಗುಟ್ಟು ಜಲಜಾಳ ಅಂಗೈಯಲ್ಲಿತ್ತು. ದಿನಾ ಮಧ್ಯಾಹ್ನ ಎರಡು ಬಕೆಟ್ ಹಿಟ್ಟು ಅವಳ ಮನೆಯಲ್ಲೇ ರುಬ್ಬಿ ಹೋಗುತ್ತಿತ್ತು. ಮೊಣಕೈವರೆಗೆ ಕೈಯಿಳಿಸಿ ಒಂದು ಸುತ್ತು ತಿರುಗಿಸಿದರೆ ಉದ್ದು ಎಷ್ಟು ನುಣ್ಣಗಾಗಿದೆ, ಅಕ್ಕಿ ಎಷ್ಟು ತರಿಯುಳಿದಿದೆ, ಬೆಳಗಿನ ಹೊತ್ತಿಗೆ ಎಷ್ಟು ಉಬ್ಬುತ್ತದೆ ಎಂದು ಅವಳು ಹೇಳಿಬಿಡುತ್ತಿದ್ದಳು. ಇಲ್ಲಿನ ಡಿಸೆಂಬರ್ ಚಳಿಗೆ ಹಿಟ್ಟು ಹುಳಿಯೇರದಿದ್ದಾಗ ಬಕೆಟ್ಟನ್ನು ರಾತ್ರಿ ಮನೆಯಲ್ಲೇ ಉಳಿಸಿಕೊಂಡು ಕಂಬಳಿ ಹೊದೆಸಿ ಮಗುವಿನಂತೆ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದಳು.

ನೆಲದ ಮೇಲಿನ ಅವಳ ನಂಬಿಕೆ ಹೋದದ್ದು ಎರಡು ವರ್ಷದ ಹಿಂದೆ, ಗಣರಾಜ್ಯೋತ್ಸವದ ಬೆಳಿಗ್ಗೆ. ಸ್ವಾತಿ ಬಾವುಟ ಹಾರಿಸಲು ಶಾಲೆಗೆ ಹೋಗಿದ್ದಳು. ಒಲೆಯ ಮೇಲೆ ಕಷಾಯ ಕುದಿಯುತ್ತಿತ್ತು. ಮೊದಲು ಸ್ಟೀಲಿನ ಪಾತ್ರೆಗಳು ಒಂದಕ್ಕೊಂದು ಪಿಸುಗುಟ್ಟಿದವು, ಆಮೇಲೆ ಇಡೀ ಮನೆ ತೊಟ್ಟಿಲಾಯಿತು. ಕೆಳಗಿಳಿದು ನಿಂತಾಗ ಯಾರೋ, ಊರಲ್ಲೊಂದು ಶಾಲೆ ಕುಸಿದಿದೆಯಂತೆ ಎಂದರು. ಯಾವ ಶಾಲೆ ಎಂದು ಅವರಿಗೆ ಗೊತ್ತಿರಲಿಲ್ಲ. ಫೋನುಗಳು ಸತ್ತಿದ್ದವು. ಜಲಜಾ ಬರಿಗಾಲಲ್ಲಿ ನಾಲ್ಕು ಕಿಲೋಮೀಟರ್ ಓಡಿದಳು. ಆ ದಾರಿಯಲ್ಲೇ ಎಲ್ಲೋ ಅವಳು ಉಡುಪಿಯ ಕೃಷ್ಣನಿಗೆ ಹೇಳಿಕೊಂಡಳು: ನನ್ನ ಮಗಳನ್ನು ಕೊಡು, ಇವತ್ತಿನಿಂದ ಹಾಲು ಮೊಸರು ಮಜ್ಜಿಗೆ ಮುಟ್ಟುವುದಿಲ್ಲ.

ಹರಕೆಯೆಂದರೆ ಪ್ರೀತಿಯದನ್ನು ಬಿಡಬೇಕು. ಚಿಕ್ಕಂದಿನಲ್ಲಿ ಅಜ್ಜಿ ಅವಳನ್ನು ಮೊಸರು ಗಡಿಗೆಯ ಬೆಕ್ಕು ಎಂದೇ ಕರೆಯುತ್ತಿದ್ದಳು. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು ಬಿಡುವುದು ಅವರ ಮನೆತನದ ರೂಢಿ. ಆ ಎರಡು ತಿಂಗಳು ಜಲಜಾ ದಿನ ಎಣಿಸುತ್ತಿದ್ದಳು. ತಿಂಗಳ ಮಟ್ಟಿಗೆ ಬಿಟ್ಟು ಅಭ್ಯಾಸವಿದ್ದವಳು ಆವತ್ತು ಜೀವಮಾನಕ್ಕೆ ಬಿಟ್ಟಳು. ಯಾರಿಗೂ ಹೇಳಲಿಲ್ಲ. ಹೇಳಿಕೊಂಡರೆ ಹರಕೆಯ ಬಲ ಹೋಗುತ್ತದೆ ಎಂದು ಅಜ್ಜಿ ನಂಬಿದ್ದಳು. ಮುಚ್ಚಿಡುವುದು ಕಷ್ಟವೂ ಆಗಲಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಒಬ್ಬಳೇ ಉಣ್ಣುವ ಹೆಂಗಸಿನ ಬಟ್ಟಲನ್ನು ಯಾರು ನೋಡುತ್ತಾರೆ?

ಕಳೆದ ವರ್ಷದ ಮಳೆಗಾಲದಲ್ಲಿ ನಾಲಗೆ ಉರಿಯತೊಡಗಿತು. ಸಾರಿನ ಖಾರ ತಾಳದಾಯಿತು. ಆಮೇಲೆ ಪಾದಗಳಲ್ಲಿ ಇರುವೆ ಹರಿದಂತೆ ಜುಮುಜುಮು. ಚಳಿಗಾಲದ ಹೊತ್ತಿಗೆ ಹತ್ತಿಯ ಹಾಸಿನ ಮೇಲೆ ನಡೆದ ಹಾಗೆ. ಹಾಗೆಯೇ ಒಂದು ದಿನ, ಮುಖ ತೊಳೆಯುವಾಗ, ನೆಲ ಅಲುಗಿತು. ಭೂಕಂಪದ ಭಯ ಎಲ್ಲರಿಗೂ ಇದ್ದದ್ದೇ. ಆ ವರ್ಷ ಅರ್ಧ ಊರು ವಾರಗಟ್ಟಲೆ ಬಯಲಲ್ಲಿ ಮಲಗಿತ್ತು. ಆದರೆ ಉಳಿದವರ ಭಯ ಇಳಿಯುತ್ತ ಹೋಯಿತು, ಇವಳದು ಏರುತ್ತ ಹೋಯಿತು.

ದಿವಾಕರ ಅವಳನ್ನು ಒಬ್ಬ ಡಾಕ್ಟರರಿಗೆ ತೋರಿಸದೆ ಇರಲಿಲ್ಲ. ಬಿಳಿಚಿದ ಕಣ್ಣುರೆಪ್ಪೆ ಎಳೆದು ನೋಡಿದ ಅವರು, "ರಕ್ತ ಕಮ್ಮಿ ಇದೆ. ಊಟ ಹೇಗೆ? ಹಾಲು ಮೊಸರು ತಗೊಳ್ತಾರಾ?" ಎಂದು ಕೇಳಿದ್ದರು. ಕೇಳಿದ್ದು ದಿವಾಕರನನ್ನು. ದಿವಾಕರ ನಕ್ಕಿದ್ದ. "ನಮ್ಮದು ಹೋಟೆಲು ಸಾಹೇಬ್ರೆ. ನಮ್ಮ ಮನೆಯಲ್ಲಿ ಮೊಸರಿಗೆ ಬರಗಾಲವಾ?" ಜಲಜಾ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದಳು. ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ಮುಖಕ್ಕೆ ಬಣ್ಣ ಬಂತು, ರಕ್ತ ಪರೀಕ್ಷೆ ಮೊದಲಿಗಿಂತ ಚೆನ್ನಾಗಿತ್ತು. ದೇಹ ಸರಿಯಾದ ಮೇಲೂ ನೆಲ ಅಲ್ಲಾಡುತ್ತದೆ ಎಂದರೆ ಕೆಟ್ಟಿರುವುದು ಮನಸ್ಸು ಎಂದು ಎಲ್ಲರೂ ಒಪ್ಪಿಕೊಂಡರು. ನಿಜ ಹೇಳಬೇಕೆಂದರೆ ಜಲಜಾಳೂ ಒಪ್ಪಿಕೊಂಡಿದ್ದಳು.

ಸೋಮವಾರ ಅವಳು ಸ್ವಾತಿಯೊಂದಿಗೆ ಅಣ್ಣನ ಮಕ್ಕಳಿಗೆ ಇಲ್ಲಿನ ಗರಿಗರಿ ಖಾಖ್ರಾ ರೊಟ್ಟಿ ತರಲು ಹೊರಟಳು. ಮೇ ತಿಂಗಳ ಹನ್ನೆರಡು ಗಂಟೆ. ರಸ್ತೆಯ ಡಾಮರು ಕರಗಿ ಹೊಳೆಯುತ್ತಿತ್ತು. ರಸ್ತೆ ದಾಟಿ ಅಂಗಡಿಯ ನೆರಳಿನಲ್ಲಿ ನಿಂತು ಅವಳು ಪೊಟ್ಟಣ ಆರಿಸುತ್ತಿದ್ದಾಗ ಸ್ವಾತಿಯ ದನಿ ಬದಲಾಯಿತು.

"ಅಮ್ಮಾ, ನಿನ್ನ ಚಪ್ಪಲ್ ಎಲ್ಲಿ?"

ಜಲಜಾ ಕೆಳಗೆ ನೋಡಿದಳು. ಬಲಗಾಲು ಬರಿದಾಗಿತ್ತು. ಚಪ್ಪಲಿ ರಸ್ತೆಯ ಆಚೆ ಬದಿಯಲ್ಲಿ, ಅವರು ಇಳಿದ ಆಟೋದ ಹತ್ತಿರ ಬಿದ್ದಿತ್ತು. ಅಷ್ಟೂ ಅಗಲದ ಬೆಂಕಿಯನ್ನು ಅವಳು ಒಂದು ಬರಿಗಾಲಲ್ಲಿ ದಾಟಿ ಬಂದಿದ್ದಳು. ಸ್ವಾತಿ ಬಗ್ಗಿ ಪಾದ ಎತ್ತಿ ನೋಡಿದಳು. ಹಿಮ್ಮಡಿಯಿಂದ ಬೆರಳಿನವರೆಗೆ ಡಾಮರು ಅಂಟಿ, ಚರ್ಮ ಬೆಳ್ಳಗೆ ಬೊಬ್ಬೆಯೆದ್ದಿತ್ತು.

"ಉರಿಯುವುದಿಲ್ವಾ?"

"ಇಲ್ವಲ್ಲ" ಎಂದಳು ಜಲಜಾ. ಬೆರಳಿನಿಂದ ಬೊಬ್ಬೆಯನ್ನು ಒತ್ತಿ ನೋಡಿದಳು.

ಅಲ್ಲೇ ಮೂಲೆಯಲ್ಲಿ ಒಂದು ಹೊಸ ಕ್ಲಿನಿಕ್ಕು. ಡಾಕ್ಟರ್ ಫಾಲ್ಗುನಿ ಎಂದು ಬೋರ್ಡಿತ್ತು. ಮೂವತ್ತರ ಆಸುಪಾಸಿನ ಹೆಂಗಸು, ಕನ್ನಡಕದ ಒಂದು ಕಡ್ಡಿಗೆ ದಾರ ಸುತ್ತಿತ್ತು. ಪಾದಕ್ಕೆ ಮುಲಾಮು ಹಚ್ಚುತ್ತ ಆಕೆ ಗುಜರಾತಿಯಲ್ಲಿ ಒಂದೊಂದೇ ಪ್ರಶ್ನೆ ಕೇಳಿದರು. ಸಕ್ಕರೆ ಕಾಯಿಲೆ ಇದೆಯೇ? ಇಲ್ಲ. ಜುಮುಜುಮು ಎಷ್ಟು ದಿನದಿಂದ? ಕತ್ತಲಲ್ಲಿ ನಡೆಯುವುದು ಹೇಗೆ? ಆಮೇಲೆ ಡ್ರಾಯರಿನಿಂದ ಕವಲೊಡೆದ ಉಕ್ಕಿನ ಕಡ್ಡಿಯೊಂದನ್ನು ತೆಗೆದು ಅಂಗೈಗೆ ಬಡಿದು ಜಲಜಾಳ ಕೊರಳೆಲುಬಿನ ಮೇಲಿಟ್ಟರು. ಎಲುಬಿನೊಳಗೆ ದುಂಬಿ ಹೊಕ್ಕಂತೆ ಗುಂಯ್ ಎಂದಿತು.

"ಈಗ ಕಣ್ಣು ಮುಚ್ಚಿ. ಹೀಗೇ ನಡುಗಿದರೆ ಹೇಳಿ."

ಜಲಜಾ ಕಣ್ಣು ಮುಚ್ಚಿ ಕಾದಳು. ಬಹಳ ಹೊತ್ತಾಯಿತು. "ಇಟ್ಟಿರಾ?" ಎಂದು ಕೇಳಿದಳು.

ಕಣ್ಣು ತೆರೆದರೆ ಕಡ್ಡಿ ಅವಳ ಕಣಕಾಲಿನ ಗಂಟಿನ ಮೇಲೆಯೇ ಇತ್ತು. ಡಾಕ್ಟರು ಅದನ್ನೇ ಸ್ವಾತಿಯ ಕಣಕಾಲಿಗೆ ಇಟ್ಟರು. ಸ್ವಾತಿ ಕಾಲು ಹಿಂದಕ್ಕೆಳೆದುಕೊಂಡು, "ಇಷ್ಟು ಜೋರು ನಡುಗ್ತಿದೆ ಅಮ್ಮಾ" ಎಂದಳು.

ಊರೆಲ್ಲ ನಿಶ್ಚಲವಾಗಿದ್ದಾಗ ನೆಲದ ನಡುಕ ಕಂಡವಳಿಗೆ ತನ್ನ ಎಲುಬಿನ ಮೇಲಿಟ್ಟ ನಡುಕ ಗೊತ್ತಾಗಿರಲಿಲ್ಲ.

ಪಾದ ಜೋಡಿಸಿ ಕಣ್ಣು ಮುಚ್ಚಿ ನಿಲ್ಲಿಸಿದರು. ಮೂರು ಎಣಿಸುವಷ್ಟರಲ್ಲಿ ಜಲಜಾ ವಾಲಿದಳು, ಡಾಕ್ಟರ ತೋಳು ಅವಳನ್ನು ಹಿಡಿಯಿತು. "ಈಗ ನೆಲ ಅಲ್ಲಾಡಿತು" ಎಂದಳು ಜಲಜಾ.

"ಮೇಜಿನ ಮೇಲಿನ ನೀರು ನೋಡಿ. ಅಲ್ಲಾಡಿದ್ದು ನೆಲವಲ್ಲ, ನೀವು. ನಿಮ್ಮ ಕಾಲು ಎಲ್ಲಿದೆ ಎಂದು ತಲೆಗೆ ಸುದ್ದಿ ಹೋಗ್ತಾ ಇಲ್ಲ. ಕಣ್ಣು ತೆರೆದಿದ್ದಾಗ ನೋಡಿ ಸುಧಾರಿಸ್ತೀರಿ. ಮುಚ್ಚಿದ ಕೂಡಲೇ ಕೈಬಿಟ್ಟ ಹಾಗೆ." ಡಾಕ್ಟರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. "ನಿನ್ನೆ ಬೆಳಗಿನಿಂದ ನೀವು ಏನೇನು ತಿಂದಿರಿ ಹೇಳಿ. ಮನೆಯಲ್ಲಿ ಏನು ಮಾಡಿದಿರಿ ಅಂತಲ್ಲ. ನಿಮ್ಮ ಬಾಯಿಗೆ ಹೋದದ್ದು."

ಹದಿನೇಳು ವರ್ಷದಲ್ಲಿ ಯಾರೂ ಅವಳನ್ನು ಈ ಪ್ರಶ್ನೆ ಕೇಳಿರಲಿಲ್ಲ.

"ಬೆಳಿಗ್ಗೆ ಜೀರಿಗೆ ಕಷಾಯ. ಹಾಲಿಲ್ಲದ್ದು. ಎರಡು ಇಡ್ಲಿ, ಚಟ್ನಿ. ಮಧ್ಯಾಹ್ನ ಅನ್ನ, ಸಾರು, ಬದನೆ ಪಲ್ಯ."

"ಕೊನೆಗೆ?"

"ಕೊನೆಗೆ ಉಪ್ಪಿನಕಾಯಿಯಲ್ಲಿ ಎರಡು ತುತ್ತು."

ಸ್ವಾತಿ ತಲೆಯೆತ್ತಿದಳು. "ಮೊಸರು? ಅಮ್ಮಾ, ನಿನ್ನೆ ನೀನೇ ಹೆಪ್ಪು ಹಾಕಿದ್ದಲ್ವಾ?"

ಜಲಜಾ ಸೆರಗಿನ ಅಂಚು ಸುರುಳಿ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಆಮೇಲೆ ಅವಳು ಹೇಳಿದಳು. ಡಾಕ್ಟರಿಗೆ ಗುಜರಾತಿಯಲ್ಲಿ, ಮಗಳ ಮುಖ ನೋಡದೆ.

ಬುಧವಾರ ರಕ್ತದ ವರದಿ ಬಂತು. ಬಿ ಹನ್ನೆರಡು ಎಂಬ ಜೀವಸತ್ವ ಇರಬೇಕಾದ್ದರ ಕಾಲುಭಾಗವೂ ಇರಲಿಲ್ಲ. ಅದು ಸೊಪ್ಪು ಕಾಯಿ ಬೇಳೆಗಳಲ್ಲಿ ಸಿಗುವುದಿಲ್ಲ. ಮಾಂಸ ಮೊಟ್ಟೆ ಮುಟ್ಟದವರಿಗೆ ಹಾಲು ಮೊಸರೇ ದಾರಿ ಎಂದು ಡಾಕ್ಟರು ವಿವರಿಸಿದರು. ನರಗಳ ಮೇಲಿನ ಹೊದಿಕೆ ಅದಿಲ್ಲದೆ ಸವೆಯುತ್ತದೆ. ಹಿಂದಿನ ಮಾತ್ರೆಗಳು ರಕ್ತವನ್ನು ಮಾತ್ರ ಸುಧಾರಿಸಿ, ಒಳಗಿನ ಕೇಡನ್ನು ಮರೆಮಾಡಿದ್ದವು. ಇನ್ನೀಗ ಮೊಸರು ತಿಂದು ತುಂಬಿಸುವಷ್ಟು ವ್ಯವಧಾನವಿಲ್ಲ, ಸೂಜಿಯೇ ಬೇಕು, ದಿನ ಬಿಟ್ಟು ದಿನ. ತಡವಾದಷ್ಟು ಮರಳಿ ಬರುವುದು ಕಡಿಮೆ. "ಕಾಲು ಹೋಗಬಹುದು" ಎಂದು ಆಕೆ ನೇರವಾಗಿಯೇ ಹೇಳಿದರು.

ದಿವಾಕರ ಆ ಸಂಜೆ ವರದಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಎರಡೂಕಾಲು ವರ್ಷ" ಎಂದ. "ಒಂದೇ ಮನೆಯಲ್ಲಿ. ನನಗೆ ಗೊತ್ತೇ ಆಗಲಿಲ್ಲ."

"ನೀವು ಉಂಡೆದ್ದ ಮೇಲಲ್ವಾ ನಾನು ಉಣ್ಣುವುದು."

"ಆ ಡಾಕ್ಟರು ಕೇಳುವಾಗಾದ್ರೂ ನೀನು ಬಾಯಿ ಬಿಡಬಹುದಿತ್ತು."

"ಅವರು ನನ್ನನ್ನು ಕೇಳಲಿಲ್ಲ."

ದಿವಾಕರ ವರದಿಯನ್ನು ಮಡಚಿ ಜೇಬಿಗಿಟ್ಟ. ಎದ್ದು ಹೋಗಿ ಔಷಧಿ ಅಂಗಡಿಯಿಂದ ಸೂಜಿಮದ್ದಿನ ಪೆಟ್ಟಿಗೆ ತಂದ. ಗಾಜಿನ ಪುಟ್ಟ ಕುಪ್ಪಿಗಳಲ್ಲಿ ದಾಳಿಂಬೆ ರಸದಂಥ ಕೆಂಪು.

ಆ ಕೆಂಪನ್ನು ನೋಡಿ ಸರಯೂಬೆನ್ ಬಾಗಿಲಲ್ಲೇ ನಿಂತರು. ಗುರುವಾರ ಬೆಳಿಗ್ಗೆ, ಊರಿಗೆ ಹೊರಟವಳಿಗೆಂದು ಮೆಂತ್ಯಸೊಪ್ಪಿನ ಥೇಪ್ಲಾ ರೊಟ್ಟಿ ತಂದಿದ್ದರು. "ಇದು ನನಗೆ ಗೊತ್ತು ಜಲಜಾಬೆನ್. ನಮ್ಮ ಮಾವನಿಗೆ ಹಿಂದೆ ಬರೆದುಕೊಟ್ಟಿದ್ದರು. ಪ್ರಾಣಿಯ ಯಕೃತ್ತಿನಿಂದ, ಕಲೇಜಿಯಿಂದ ತೆಗೆಯುವ ಅರ್ಕ. ಗೊತ್ತಾದ ಕೂಡಲೇ ನಾವು ವಾಪಸು ಕೊಟ್ಟೆವು."

ಜಲಜಾ ಪೆಟ್ಟಿಗೆಯನ್ನು ದೇವರ ಗೂಡಿನಿಂದ ದೂರ, ಚಪ್ಪಲಿ ಸ್ಟ್ಯಾಂಡಿನ ಮೇಲಿಟ್ಟಳು. ದಿವಾಕರ ಬೇಡಿದ, ರೇಗಿದ. ಕೊನೆಗೆ, "ಹಾಗಾದ್ರೆ ನಾಳೆ ರೈಲು ಹತ್ತು. ನಿನ್ನ ಅಣ್ಣನೇ ಬುದ್ಧಿ ಹೇಳಲಿ" ಎಂದು ಹೋಟೆಲಿಗೆ ಹೋದ.

ಸ್ವಾತಿ ಅಡುಗೆಮನೆಯ ಬಾಗಿಲಿಗೆ ಒರಗಿದಳು. ಮೂರು ದಿನದಿಂದ ಅವಳು ತಾಯಿಯೊಂದಿಗೆ ಹೆಚ್ಚು ಮಾತಾಡಿರಲಿಲ್ಲ.

"ಆ ದಿನ ನಾನು ಎಲ್ಲಿದ್ದೆ ಗೊತ್ತುಂಟಾ? ಮೈದಾನದಲ್ಲಿ. ಎಲ್ಲರೂ ಮೈದಾನದಲ್ಲೇ ಇದ್ವಿ. ಬೂಂದಿ ಲಾಡು ಕೊಟ್ಟಿದ್ರು. ನೀನು ಓಡಿ ಬರುವಾಗ ನಾನು ಎರಡನೇ ಲಾಡು ತಿನ್ತಾ ಇದ್ದೆ."

"ನನಗೆ ಗೊತ್ತಿರಲಿಲ್ಲವಲ್ಲ ಮಗಾ."

"ಆಮೇಲೆ ಗೊತ್ತಾಯ್ತಲ್ಲ. ಆಮೇಲೂ ನನ್ನ ಹೆಸರಲ್ಲಿ ನೀನು ಉಪವಾಸ. ಈಗ ನಿನ್ನ ಕಾಲು ಹೋದ್ರೆ ಅದೂ ನನ್ನ ಹೆಸರಲ್ಲೇ. ನನ್ನನ್ನು ಒಂದು ಮಾತು ಕೇಳಿದ್ಯಾ?" ಅವಳ ಕನ್ನಡ ಯಾವಾಗಲೂ ಎಡವುತ್ತಿತ್ತು. ಇವತ್ತು ಎಡವಲಿಲ್ಲ.

ಜಲಜಾ ಹಿಟ್ಟಿನ ಬಕೆಟ್ಟಿಗೆ ಕೈಯಿಳಿಸಿದಳು. ಹೋಗುವ ಹಿಂದಿನ ದಿನವಾದರೂ ಹಿಟ್ಟು ಕಳಿಸದೆ ಇರಲು ಆಗದು. ಹಾಲ್‌ನಿಂದ ಸ್ವಾತಿ ಫೋನಿನಲ್ಲಿ ಗುಜರಾತಿಯಲ್ಲಿ ಬೇಗಬೇಗ ಮಾತಾಡುವುದು ಕೇಳಿತು. ಆಮೇಲೆ ಅವಳು ಫೋನಿನ ಉದ್ದ ವೈರನ್ನು ಎಳೆದುಕೊಂಡು ಅಡುಗೆಮನೆಗೇ ಬಂದು ರಿಸೀವರನ್ನು ತಾಯಿಯ ಕಿವಿಗೆ ಹಿಡಿದಳು.

"ನಿಮ್ಮ ಎದುರು ಮನೆಯವರು ಸುಳ್ಳು ಹೇಳಿಲ್ಲ" ಎಂದಿತು ಡಾಕ್ಟರ ದನಿ. "ಹಿಂದೆ ಕಲೇಜಿಯಿಂದ ತೆಗೆದ ಮದ್ದು ಇತ್ತು. ಇದು ಅದಲ್ಲ. ಇದನ್ನು ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಮಾಡುತ್ತವೆ. ದೊಡ್ಡ ತೊಟ್ಟಿಗಳಲ್ಲಿ ಸಕ್ಕರೆ ನೀರು ಕೊಟ್ಟು ಬೆಳೆಸ್ತಾರೆ."

"ಬೆಚ್ಚಗಿಟ್ಟಾ?"

"ಬೆಚ್ಚಗಿಟ್ಟು. ಕೆಲವು ದಿನ."

"ಹುಳಿ ಬರಿಸಿದ ಹಾಗೆ."

"ಹೆಚ್ಚುಕಮ್ಮಿ ಹಾಗೇ. ಅದರ ಕೆಂಪು ಅದರದೇ ಬಣ್ಣ, ರಕ್ತದ್ದಲ್ಲ. ನಿಮ್ಮ ಹರಕೆಗೂ ಅದಕ್ಕೂ ಸಂಬಂಧವಿಲ್ಲ. ಹಾಲು ಬಿಡಲೇಬೇಕೆಂದರೆ ಬಿಡಿ, ಆದರೆ ಸೂಜಿ ಬಿಡುವ ಹಾಗಿಲ್ಲ."

ಜಲಜಾಳ ಕೈ ಹಿಟ್ಟಿನಲ್ಲಿ ನಿಂತಿತು. ಅವಳು ಇನ್ನೊಂದು ಸುತ್ತು ತಿರುಗಿಸಿದಳು. ನುಣುಪು. ಬರೀ ನುಣುಪು, ಬೆಣ್ಣೆಯಂತೆ. ಆದರೆ ಗ್ರೈಂಡರು ಅಷ್ಟು ಹೊತ್ತು ತಿರುಗಿರಲೇ ಇಲ್ಲ.

"ಸ್ವಾತೀ, ಕೈ ತೊಳ್ಕೊಂಡು ಬಾ. ಇದರಲ್ಲಿ ಹಾಕು. ಹೇಗುಂಟು?"

ಸ್ವಾತಿ ಬೆರಳುಗಳ ನಡುವೆ ಹಿಟ್ಟನ್ನು ತಿಕ್ಕಿ ನೋಡಿದಳು. "ತರಿ ತರಿ. ಮರಳಿನ ಹಾಗೆ."

ಜಲಜಾ ತನ್ನ ಬೆರಳುಗಳನ್ನು ಹೊರಗೆಳೆದು ನೋಡುತ್ತ ನಿಂತಳು. ಬಿಳಿ ಹಿಟ್ಟು ಮಣಿಕಟ್ಟಿನಿಂದ ತೊಟ್ಟಿಕ್ಕುತ್ತಿತ್ತು. ಕಾಲಿನ ಮಾತನ್ನು ಅವಳು ಹೇಗೋ ತಾಳಿಕೊಂಡಿದ್ದಳು. ಕೈಯ ಮಾತನ್ನು ಯಾರೂ ಹೇಳಿರಲಿಲ್ಲ, ಕೈಯೇ ಹೇಳಿತು. ಎಷ್ಟು ದಿನದಿಂದ ತಾನು ಒರಟು ಹಿಟ್ಟನ್ನು ನುಣುಪೆಂದು ಕಳಿಸುತ್ತಿದ್ದೇನೋ, ಹೋಟೆಲಿನಲ್ಲಿ ಯಾರು ಅದನ್ನು ಮತ್ತೆ ರುಬ್ಬುತ್ತಿದ್ದಾರೋ, ಯಾಕೆ ಯಾರೂ ತನಗೆ ಹೇಳಲಿಲ್ಲವೋ.

"ಅಮ್ಮಾ, ಡಾಕ್ಟರ್ ಇನ್ನೂ ಲೈನಲ್ಲಿದ್ದಾರೆ."

"ನಾಲ್ಕು ಗಂಟೆಗೆ ಬರ್ತೇನೆ ಹೇಳು. ಚಪ್ಪಲಿ ಸ್ಟ್ಯಾಂಡಿನ ಮೇಲಿನ ಪೆಟ್ಟಿಗೆ ತೆಗೆದು ಒಳಗಿಡು."

ಶುಕ್ರವಾರದ ರೈಲು ಅವಳಿಲ್ಲದೆ ಹೋಯಿತು. ದಿವಾಕರ ಟಿಕೆಟ್ ವಾಪಸು ಕೊಟ್ಟು ಬಂದ. ಅವಳಿಗಾಗಿ ಬೇಸಿನ್ನಿನ ಪಕ್ಕದ ಗೋಡೆಗೆ ಒಂದು ಕಂಬಿ ಹಾಕಿಸಿದ. ಮಧ್ಯಾಹ್ನದ ಊಟಕ್ಕೆ ಮೂವರೂ ಒಟ್ಟಿಗೆ ಕೂರಬೇಕೆಂದು ಸ್ವಾತಿ ಹಟ ಹಿಡಿದಳು. ದಿನಾ ತಾಯಿಯ ಬಟ್ಟಲಿನ ಪಕ್ಕದಲ್ಲಿ ಮೊಸರಿನ ಗಿಣ್ಣಲು ಇಡುತ್ತಾಳೆ. ಜಲಜಾ ದಿನಾ ಅದನ್ನು ಮಗಳ ಕಡೆಗೆ ಸರಿಸುತ್ತಾಳೆ. "ನಿನ್ನ ಕೃಷ್ಣ ನನಗಿಂತ ಹಟಮಾರಿಯಾ?" ಎಂದು ಸ್ವಾತಿ ಒಮ್ಮೆ ಕೇಳಿದಳು. "ನಾನು ಹಟಮಾರಿ" ಎಂದಳು ಜಲಜಾ. ಹಿಟ್ಟಿಗೆ ಈಗ ಎರಡು ಕೈ ಇಳಿಯುತ್ತವೆ, ಮೊದಲು ಮಗಳದು.

ಆಗಸ್ಟಿನಲ್ಲಿ, ಮಳೆ ಬಿಟ್ಟ ಒಂದು ಬೆಳಿಗ್ಗೆ, ಡಾಕ್ಟರು ಮತ್ತೆ ಆ ಉಕ್ಕಿನ ಕಡ್ಡಿಯನ್ನು ಅಂಗೈಗೆ ಬಡಿದರು. ಜಲಜಾ ಕಣ್ಣು ಮುಚ್ಚಿದಳು. ಸ್ವಾತಿ ಕುರ್ಚಿಯನ್ನು ಹತ್ತಿರಕ್ಕೆಳೆದದ್ದು ಅವಳಿಗೆ ಕೇಳಿಸಿತು.

"ಇಲ್ಲ" ಎಂದಳು. ಕಡ್ಡಿ ಕಣಕಾಲಿನ ಮೇಲಿತ್ತು.

ಡಾಕ್ಟರು ಅದನ್ನು ಮತ್ತೆ ಬಡಿದು ಇನ್ನೆಲ್ಲೋ ಇಟ್ಟರು. "ಇಲ್ಲ."

ಮೂರನೆಯ ಸಲ ತುಂಬ ಹೊತ್ತು ಕಾಯಬೇಕಾಯಿತು. ಎಲ್ಲೋ ದೂರದಲ್ಲಿ, ಮುಚ್ಚಿದ ಬಾಗಿಲಿನಾಚೆ ಸ್ಟೀಲಿನ ಪಾತ್ರೆಗಳು ಒಂದಕ್ಕೊಂದು ತಗುಲಿದ ಹಾಗೆ. ಅವಳು ಹೆದರಲಿಲ್ಲ. ಅದು ಮಾಯವಾದೀತೆಂದು ಅಲ್ಲಾಡದೆ ಕೂತಳು.

"ಉಂಟು" ಎಂದಳು ಕನ್ನಡದಲ್ಲೇ. "ಮೊಣಕಾಲಿನ ಕೆಳಗೆ. ಸಣ್ಣಕೆ ನಡುಗ್ತಾ ಉಂಟು."